ನೆದರ್ಲೆಂಡ್ಸ್ ಎಂದು ತೋರಿಸಿದರೆ ಸಾಕೇ?

ಪ್ರಶ್ನೆ: ಖಾಸಗಿ ಕಾಲೇಜೊಂದರಲ್ಲಿ ಉಪನ್ಯಾಸಕಿ ನಾನು. ತಿಂಗಳುಗಟ್ಟಲೆ ಸಂಬಳ ಆಗಿಲ್ಲ. ಬೇರೆ ಹೆಸರಲ್ಲಿ ಖಾತೆ ತೆರೆದು ಜಾಲತಾಣದಲ್ಲಿ ಅದನ್ನು ಬರೆಯುತ್ತಿದ್ದೇನೆ. ಬರೆಯುವುದು ಸ್ಟಾಫ್ ರೂಮಿನಲ್ಲೇ, ಕಾಲೇಜಿನ ವೈಫೈನಲ್ಲಿ. ಅಕ್ಕನ ಮಗ ಬ್ರೌಸರಿಗೆ ಯಾವುದೋ ಉಚಿತ ಪ್ರಾಕ್ಸಿ ಹಾಕಿಕೊಟ್ಟಿದ್ದಾನೆ. ಐಪಿ ವಿಳಾಸ ತೋರಿಸುವ ಒಂದು ತಾಣ ನಾನು ನೆದರ್ಲೆಂಡ್ಸ್‌ನಲ್ಲಿದ್ದೇನೆ ಅನ್ನುತ್ತದೆ. ಇನ್ನೊಂದು ಕಾಲೇಜಿಗೆ ಇಂಟರ್ನೆಟ್ ಕೊಡುವ ಕಂಪನಿಯ ಹೆಸರನ್ನೇ ಹೇಳುತ್ತದೆ. ಯಾವುದನ್ನು ನಂಬಲಿ? ಆಡಳಿತ ಮಂಡಳಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ನಿದ್ದೆಯೇ ಬರುತ್ತಿಲ್ಲ.
— ಹೆಸರು ಬೇಡ

ಉತ್ತರ: ಎರಡನ್ನೂ ನಂಬಿ. ಮೊದಲನೆಯದು ಸಂಪರ್ಕ ಯಾವ ವಿಳಾಸದಿಂದ ಬಂತು ಎಂದಷ್ಟೇ ನೋಡಿದೆ. ಅದು ಪ್ರಾಕ್ಸಿಯ ವಿಳಾಸ. ಎರಡನೆಯದು ಬಹುಶಃ ವೆಬ್‌ಆರ್‌ಟಿಸಿಯನ್ನೂ ಕೆದಕಿದೆ. ಬ್ರೌಸರಿನೊಳಗೇ ವಿಡಿಯೊ ಕರೆ ನಡೆಸುವ ಈ ವ್ಯವಸ್ಥೆ ಎಷ್ಟೋ ಸಲ ಪ್ರಾಕ್ಸಿಯನ್ನು ಬದಿಗಿಟ್ಟು ನೇರವಾಗಿ ಹೊರಗೆ ಮಾತಾಡುತ್ತದೆ. ಇನ್ನು ಕೆಲವು ಪ್ರಾಕ್ಸಿಗಳು ಬರೀ ಎಚ್‌ಟಿಟಿಪಿ ಪುಟಗಳಿಗೆ ಹೋಗುವಾಗ ‘ಎಕ್ಸ್-ಫಾರ್ವರ್ಡೆಡ್-ಫಾರ್’ ಎಂಬ ಸಾಲು ಸೇರಿಸಿ ನಿಮ್ಮ ಅಸಲಿ ವಿಳಾಸವನ್ನು ತಾವೇ ಒಪ್ಪಿಸಿಬಿಡುತ್ತವೆ.

ನೀವೇ ಪರೀಕ್ಷಿಸಬಹುದು. ಪ್ರಾಕ್ಸಿ ತೆಗೆದು ನಿಮ್ಮ ವಿಳಾಸ ಬರೆದಿಟ್ಟುಕೊಳ್ಳಿ. ಚುಕ್ಕಿಗಳ ನಡುವೆ ನಾಲ್ಕು ಸಂಖ್ಯೆ ಇರುವ ಐಪಿವಿ4 ಮಾತ್ರವಲ್ಲ, ಉದ್ದನೆಯ ಐಪಿವಿ6 ಇದ್ದರೆ ಅದನ್ನೂ. ಆಮೇಲೆ ಪ್ರಾಕ್ಸಿ ಹಾಕಿ ಬ್ರೌಸರ್‌ಲೀಕ್ಸ್ ಡಾಟ್ ಕಾಮ್‌ನಂಥ ತಾಣದಲ್ಲಿ ಐಪಿ, ಡಿಎನ್‌ಎಸ್, ವೆಬ್‌ಆರ್‌ಟಿಸಿ ಮೂರನ್ನೂ ನೋಡಿ. ಬರೆದಿಟ್ಟ ವಿಳಾಸವಾಗಲಿ ನಿಮ್ಮ ಇಂಟರ್ನೆಟ್ ಕಂಪನಿಯ ಹೆಸರಾಗಲಿ ಎಲ್ಲಿ ಕಂಡರೂ ಸೋರಿಕೆಯೇ. 192.168 ಎಂದು ಶುರುವಾಗುವುದು ಒಳಜಾಲದ ವಿಳಾಸ, ಅದಕ್ಕೆ ಗಾಬರಿ ಬೇಡ. ಫೋನಿನ ವೈಫೈಗೆ ಪ್ರಾಕ್ಸಿ ಹಾಕಿದ್ದರೆ ಬ್ರೌಸರ್ ಅದನ್ನು ಪಾಲಿಸುತ್ತದೆ, ಉಳಿದ ಆ್ಯಪ್‌ಗಳು ಪಾಲಿಸದೆಯೂ ಇರಬಹುದು.

ಈ ಪರೀಕ್ಷೆಯಲ್ಲಿ ಪಾಸಾದರೂ ನಿಮ್ಮ ಭಯಕ್ಕೆ ಉತ್ತರ ಸಿಗುವುದಿಲ್ಲ ಮೇಡಂ. ನೀವು ಬರೆಯುವ ತಾಣಕ್ಕೆ ಏನು ಕಾಣುತ್ತದೆ ಎಂದಷ್ಟೇ ಅದು ಹೇಳುತ್ತದೆ. ನಿಮಗೆ ಹೆದರಿಕೆ ಇರುವುದು ಕಾಲೇಜಿನದು, ಮತ್ತು ನಿಮಗೂ ಪ್ರಾಕ್ಸಿಗೂ ನಡುವೆ ಇರುವುದು ಕಾಲೇಜಿನ ಜಾಲವೇ! ಸಾಮಾನ್ಯ ಎಚ್‌ಟಿಟಿಪಿ ಪ್ರಾಕ್ಸಿಗೆ ಬ್ರೌಸರ್ ಮೊದಲು ಕಳಿಸುವುದು ‘ಕನೆಕ್ಟ್’ ಎಂಬ ಆಜ್ಞೆ, ಅದರ ಮುಂದೆ ತಾಣದ ಹೆಸರು, ಕೊನೆಗೆ 443. ಈ ಸಾಲಿಗೆ ಗೂಢಲಿಪಿ ಇರುವುದಿಲ್ಲ. ಏನು ಬರೆದಿರಿ ಎಂಬುದು ಕಾಣದು, ನಿಜ. ಯಾವ ತಾಣಕ್ಕೆ, ಎಷ್ಟು ಗಂಟೆಗೆ, ಯಾವ ಲ್ಯಾಪ್‌ಟಾಪಿನಿಂದ ಹೋದಿರಿ ಎಂಬುದನ್ನು ಜಾಲ ನೋಡಿಕೊಳ್ಳುವವರು ಮನಸ್ಸು ಮಾಡಿದರೆ ನೋಡಬಹುದು. ಬರಹ ಪ್ರಕಟವಾದ ಗಂಟೆಯೊಂದಿಗೆ ತಾಳೆ ಹಾಕಲು ದೊಡ್ಡ ಬುದ್ಧಿವಂತಿಕೆ ಬೇಕಿಲ್ಲ. ಲ್ಯಾಪ್‌ಟಾಪೂ ಕಾಲೇಜಿನದೇ ಆಗಿದ್ದರೆ ಈ ಲೆಕ್ಕವೂ ಬೇಕಾಗದು, ಅದರಲ್ಲಿ ನಿಗಾ ಇಡುವ ತಂತ್ರಾಂಶ ಮೊದಲೇ ಹಾಕಿರಬಹುದು.

ಹಾಗಾಗಿ ಸ್ಟಾಫ್ ರೂಮಿನಲ್ಲಿ ಬರೆಯುವುದನ್ನು ನಿಲ್ಲಿಸಿ. ಮನೆಯಲ್ಲಿ, ಸ್ವಂತ ಫೋನಿನ ಡೇಟಾದಲ್ಲಿ ಬರೆಯಿರಿ. ಖಾತೆಗೆ ಕಾಲೇಜಿನ ಇಮೇಲ್ ಜೋಡಿಸಿದ್ದರೆ ತೆಗೆಯಿರಿ. ನಿಮ್ಮ ವಿಭಾಗಕ್ಕಷ್ಟೇ ಗೊತ್ತಿರುವ ಸಂಗತಿ ಬರೆದರೆ ಐಪಿ ವಿಳಾಸವೇ ಇಲ್ಲದೆ ಸಿಕ್ಕಿಬೀಳುತ್ತೀರಿ, ಎಷ್ಟೋ ಮಂದಿ ಸಿಕ್ಕಿಬೀಳುವುದು ಹಾಗೆಯೇ. ಪೊಲೀಸರವರೆಗೆ ಹೋದ ದೂರಿನಿಂದ ಇದ್ಯಾವುದೂ ಕಾಪಾಡುವುದಿಲ್ಲ, ಬರೆದದ್ದು ಸತ್ಯವಾಗಿರಲಿ, ದಾಖಲೆ ಕೈಯಲ್ಲಿರಲಿ. ಸಂಬಳ ಬಾರದಿರುವುದು ನಿಮ್ಮೊಬ್ಬರಿಗಲ್ಲ ತಾನೇ? ಸಹೋದ್ಯೋಗಿಗಳೆಲ್ಲ ಸಹಿ ಹಾಕಿದ ಮನವಿಗೆ ಅನಾಮಧೇಯ ಬರಹಕ್ಕಿಂತ ತೂಕ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಆ ಉಚಿತ ಪ್ರಾಕ್ಸಿಯನ್ನು ಇವತ್ತೇ ತೆಗೆದುಹಾಕಿ. ಅದನ್ನು ನಡೆಸುವವರು ಯಾರೆಂದು ನಿಮಗೂ ಗೊತ್ತಿಲ್ಲ, ಅಕ್ಕನ ಮಗನಿಗೂ ಗೊತ್ತಿಲ್ಲ. ಅದು ಇದ್ದಾಗ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ದಾಟಿ ಎಲ್ಲಾದರೂ ಲಾಗಿನ್ ಆಗಿದ್ದರೆ, ಆ ಪಾಸ್‌ವರ್ಡುಗಳನ್ನೂ ಬದಲಿಸಿ, ಬ್ಯಾಂಕಿನದು ಮೊದಲು.