ಧ್ಯಾನಕ್ಕೆ ಗುಹೆ ಬೇಡ, ಮನೆಯ ಮೂಲೆ ಸಾಕು

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ಗುಹೆಗೆ ಇಳಿದವರಿಗೆ ಗೊತ್ತು, ಒಳಗೆ ಟಾರ್ಚ್ ಇಲ್ಲದಿದ್ದರೆ ಮುಂದೆ ಹೋಗುವವರ ಬೆನ್ನೂ ಕಾಣುವುದಿಲ್ಲ. ಹಿಂದಿನ ಸಾಧಕರು ಅಂಥ ಕತ್ತಲೆಯನ್ನೇ ಹುಡುಕಿಕೊಂಡು ಬಂದು ಧ್ಯಾನಕ್ಕೆ ಕೂತರು. ಸಂಸಾರಸ್ಥರಿಗೆ ಅದು ಆಗುವ ಮಾತಲ್ಲ.

ಇದೇ ಜಿಲ್ಲೆ ಇನ್ನೊಂದು ದಾರಿಯನ್ನೂ ತೋರಿಸಿದೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮ ಕಟ್ಟಿದ, ‘ತಿರುಕ’ ಎಂಬ ಹೆಸರಿನಲ್ಲಿ ಬರೆದ ರಾಘವೇಂದ್ರ ಸ್ವಾಮೀಜಿ, ಊರೂರಿಗೆ ಹೋಗಿ ಶಿಬಿರ ನಡೆಸಿ ಸಾಮಾನ್ಯ ಜನರಿಗೆ ಯೋಗ ಕಲಿಸಿದರು. 1996ರಲ್ಲಿ ಅವರು ತೀರಿಕೊಂಡಾಗ ವಯಸ್ಸು ನೂರು ದಾಟಿತ್ತು. ಯೋಗ, ಧ್ಯಾನ ಮನೆಮನೆಯ ದಿನಚರಿಯಾಗಬೇಕು ಎನ್ನುವವರಿಗೆ ಅವರ ಬದುಕೇ ಮಾದರಿ.

ಒಂದು ದಿನ ಕೂರುವುದು ಸುಲಭ, ಮರುದಿನವೂ ಕೂರುವುದು ಕಷ್ಟ. ಅದಕ್ಕೆ ಈ ಕ್ರಮ ಅನುಸರಿಸಿ.

1. ಹೊತ್ತು ಗೊತ್ತುಮಾಡಿ

‘ಬೆಳಿಗ್ಗೆ ಯಾವಾಗಲಾದರೂ ಕೂರುತ್ತೇನೆ’ ಎಂದರೆ ಆ ಹೊತ್ತು ಬರುವುದೇ ಇಲ್ಲ. ದಿನವೂ ತಪ್ಪದೆ ಮಾಡುವ ಕೆಲಸವೊಂದಕ್ಕೆ ಧ್ಯಾನವನ್ನು ಜೋಡಿಸಿ: ಮುಖ ತೊಳೆದ ಮೇಲೆ, ಕಾಫಿಗೆ ಮೊದಲು. ಅಡಿಕೆ ಕೊಯ್ಲಿನ ಕಾಲದಲ್ಲಿ ಹೊಳಲ್ಕೆರೆಯ ಮನೆಗಳಲ್ಲಿ ಸುಲಿಯುವುದು, ಬೇಯಿಸುವುದು ರಾತ್ರಿಯವರೆಗೂ ನಡೆಯುತ್ತದೆ. ಹಿರಿಯೂರಿನ ರೈತ ತ್ರೀಫೇಸ್ ಕರೆಂಟ್ ಬಂದ ಹೊತ್ತಿಗೆ ಮೋಟಾರ್ ಹಾಕಲು ಏಳಬೇಕು. ಇಂಥವರಿಗೆ ಗಡಿಯಾರದ ಲೆಕ್ಕ ಹಿಡಿಸದು. ‘ಸ್ನಾನ ಆದ ಮೇಲೆ’ ಎಂದು ಗೊತ್ತುಮಾಡಿಕೊಂಡರೆ ಸ್ನಾನ ಎಷ್ಟು ಹೊತ್ತಿಗಾದರೂ ಧ್ಯಾನ ತಪ್ಪುವುದಿಲ್ಲ.

2. ಜಾಗ, ಆಸನ ಬದಲಿಸಬೇಡಿ

ಪ್ರತ್ಯೇಕ ಕೋಣೆ ಬೇಕಿಲ್ಲ. ದೇವರ ಮನೆಯ ಪಕ್ಕವೋ ಮಂಚದ ಬದಿಯೋ ಸಾಕು. ಕಲ್ಲುಚಪ್ಪಡಿಯ ನೆಲ ತಣ್ಣಗಿರುತ್ತದೆ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ಕಂಬಳಿಯ ಅಂಚಿನ ಮೇಲೆ ಕೂತರೆ ಸೊಂಟ ತುಸು ಎತ್ತರವಾಗಿ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮಂಡಿನೋವಿದ್ದವರು ಕುರ್ಚಿಯಲ್ಲಿ ಕೂತು ಎರಡೂ ಪಾದ ನೆಲಕ್ಕೆ ಊರಿ.

3. ಐದೇ ನಿಮಿಷದಿಂದ ಶುರುಮಾಡಿ

ಮೊದಲ ದಿನವೇ ಅರ್ಧ ಗಂಟೆ ಕೂತವರು ವಾರದೊಳಗೆ ಬಿಟ್ಟುಬಿಡುವುದೇ ಹೆಚ್ಚು. ಎರಡು ವಾರ ಐದು ನಿಮಿಷ ಸಾಕು. ‘ಇನ್ನಷ್ಟು ಕೂರೋಣ’ ಅನ್ನಿಸತೊಡಗಿದಾಗ ಹತ್ತಕ್ಕೆ ಏರಿಸಿ. ಮೊಬೈಲ್‌ನಲ್ಲಿ ಅಲಾರಂ ಇಟ್ಟು, ಫ್ಲೈಟ್ ಮೋಡ್‌ಗೆ ಹಾಕಿ, ಕೈಗೆ ಸಿಗದಷ್ಟು ದೂರವಿಡಿ.

4. ಉಸಿರು ಎಣಿಸಿ

ಕಣ್ಣು ಮುಚ್ಚಿ. ಉಸಿರನ್ನು ಎಳೆದು ಬಿಗಿಹಿಡಿಯಬೇಡಿ, ಬಂದಂತೆ ಬರಲಿ. ಉಸಿರು ಹೊರಹೋದಾಗಲೆಲ್ಲ ಒಂದು, ಎರಡು ಎಂದು ಹತ್ತರವರೆಗೆ ಎಣಿಸಿ, ಮತ್ತೆ ಒಂದಕ್ಕೆ ಬನ್ನಿ. ಮೂರಕ್ಕೆ ಬರುವಷ್ಟರಲ್ಲೇ ಮನಸ್ಸು ಈರುಳ್ಳಿ ರೇಟಿಗೋ ಮಗಳ ಪರೀಕ್ಷೆಗೋ ಓಡಿರುತ್ತದೆ. ಗೊತ್ತಾದ ಕೂಡಲೇ, ಬೈದುಕೊಳ್ಳದೆ, ಒಂದರಿಂದ ಶುರುಮಾಡಿ. ಹೀಗೆ ಮರಳಿ ಬರುವುದೇ ಅಭ್ಯಾಸ.

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಅರೆಗಣ್ಣಿನಲ್ಲಿ ನೋಡುತ್ತ ಕೂರುವ ಪದ್ಧತಿ ಇರುವ ಮನೆಗಳಲ್ಲಿ ಹೊತ್ತು, ಜಾಗ ಎರಡೂ ಮೊದಲೇ ಸಿದ್ಧವಿರುತ್ತವೆ. ಅವಸರದಲ್ಲಿ ಪೂಜೆ ಮುಗಿಸಿ ಏಳುವ ಬದಲು ಆ ನೋಟದಲ್ಲೇ ಐದು ನಿಮಿಷ ನಿಲ್ಲಿ.

5. ಒಂದು ದಿನ ತಪ್ಪಿದರೆ ಮರುದಿನ ಕೂರಿ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯ ಹೊಸ ಅಭ್ಯಾಸಗಳನ್ನು 12 ವಾರ ಗಮನಿಸಿದರು. ಅಭ್ಯಾಸ ತಾನಾಗಿ ನಡೆಯುವಂತಾಗಲು ಬೇಕಾದದ್ದು ಸರಾಸರಿ 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನದವರೆಗೂ ಬದಲಾಗುತ್ತದೆ ಎಂಬುದು ಅವರ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲ. ಮದುವೆ, ಜಾತ್ರೆ, ಬಾಣಂತನದಲ್ಲಿ ತಪ್ಪುವುದು ಸಹಜ. ಕೂತ ದಿನಕ್ಕೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಎರಡು ದಿನ ಸಾಲಾಗಿ ಖಾಲಿ ಬಿಡಬೇಡಿ. ಹೊಸದುರ್ಗದಿಂದ ಬೆಳಗಿನ ಬಸ್ ಹಿಡಿದು ಕೆಲಸಕ್ಕೆ ಹೋಗುವವರು ಮನೆಯಲ್ಲಿ ತಪ್ಪಿದರೆ ಸೀಟಿನಲ್ಲೇ ಉಸಿರು ಎಣಿಸಬಹುದು.

6. ಜೊತೆ ಹುಡುಕಿ

ಮನೆಯಲ್ಲಿ ಇನ್ನೊಬ್ಬರು ಕೂತರೆ ನಮಗೂ ಕೂರುವ ಮನಸ್ಸಾಗುತ್ತದೆ. ಚಂದ್ರವಳ್ಳಿಯ ಕೆರೆಯ ಬದಿಗೆ ವಾಕಿಂಗ್ ಬರುವ ಗೆಳೆಯರು ವಾರಕ್ಕೊಮ್ಮೆ ನಡಿಗೆ ಮುಗಿಸಿ ಹತ್ತು ನಿಮಿಷ ಒಟ್ಟಿಗೆ ಕೂರಬಹುದು. ವಿಶ್ವಸಂಸ್ಥೆ 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನ ಎಂದು ಘೋಷಿಸಿದೆ; ಶಾಲೆಗಳು, ಸ್ತ್ರೀಶಕ್ತಿ ಸಂಘಗಳು ಅಂದು ಸಾಮೂಹಿಕವಾಗಿ ಆರಂಭಿಸಬಹುದು.

ಎಚ್ಚರಿಕೆ

ಧ್ಯಾನ ಔಷಧಿಗೆ ಬದಲಿಯಲ್ಲ. ಬಿಪಿ, ಶುಗರ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಕಣ್ಣು ಮುಚ್ಚಿದರೆ ಭಯ, ತಳಮಳ ಹೆಚ್ಚಾಗುವುದಾದರೆ ಕಣ್ಣು ತೆರೆದು ನಿಧಾನವಾಗಿ ನಡೆಯಿರಿ. ನಿದ್ರೆ ಬಾರದಿರುವುದು, ಬದುಕು ಬೇಡವೆನ್ನಿಸುವುದು ಇದ್ದರೆ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಒಳ್ಳೆಯ ದಿನ, ಮುಹೂರ್ತ ಎಂದು ಕಾಯಬೇಡಿ. ಇವತ್ತು ರಾತ್ರಿಯೇ ಜಾಗ ಗೊತ್ತುಮಾಡಿ, ನಾಳೆ ಐದು ನಿಮಿಷ ಕೂರಿ. ನಾಡಿದ್ದೂ ಕೂರಿ.