ಸ್ವಿಚ್ಚಿನ ಹೆಸರು ಎಲ್ಲಿ ಹೋಯಿತು?

ಪಾಠಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಮಾನ್ವಿಯ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿ. ವಿಷಯ, ಕಂಪ್ಯೂಟರಿನ ಮೆಮೊರಿ. ಕರೆಂಟ್ ಹೋದರೆ ರ‍್ಯಾಮ್‌ನಲ್ಲಿರುವುದು ಅಳಿಯುತ್ತದೆ, ಫ್ಲ್ಯಾಶ್‌ನಲ್ಲಿರುವುದು ಉಳಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆಯುವ ಬದಲು ತೋರಿಸಿಯೇ ಬಿಡೋಣವೆಂದು, ರಾಯಚೂರಿನ ಪರಿಚಯದವರಿಂದ ಹಳೆಯ ಸಿಸ್ಕೋ 2960 ಸ್ವಿಚ್ ಕೇಳಿ ತಂದಿದ್ದೆ. ಹಲವು ಕಂಪ್ಯೂಟರ್‌ಗಳನ್ನು ಒಂದೇ ನೆಟ್‌ವರ್ಕಿಗೆ ಸೇರಿಸುವ ಪೆಟ್ಟಿಗೆ ಅದು. ಪರದೆ, ಮೌಸ್ ಇಲ್ಲ. ಕನ್ಸೋಲ್ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಕಮಾಂಡ್ ಟೈಪ್ ಮಾಡಬೇಕು.

‘ಹೋಸ್ಟ್‌ನೇಮ್’ ಕಮಾಂಡ್ ಕೊಟ್ಟು ಅದಕ್ಕೆ ‘ಮಾನ್ವಿ’ ಎಂದು ಹೆಸರಿಟ್ಟೆವು. ಊರಿನ ಹೆಸರು ಪರದೆಯ ಮೇಲೆ ಬಂದದ್ದೇ ಮಕ್ಕಳಿಗೆ ಖುಷಿ. ‘ಇನ್ನು ಇದರ ಹೆಸರು ಇದೇ’ ಎಂದೆ. ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಮರಳಿ ಬಂದಾಗ ಹೆಸರು ಮತ್ತೆ ಬರೀ ‘ಸ್ವಿಚ್’.

‘ಸರ್, ಹೆಸ್ರು ಎಲ್ಲಿ ಹೋತ್ರಿ?’

ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಅಂಕ ಹಾಕುತ್ತಿದ್ದರು. ‘ಕೇಬಲ್ ಸಡಿಲ ಆಗೇದ’ ಎಂದುಬಿಟ್ಟೆ. ಅಷ್ಟರಲ್ಲಿ ಒಬ್ಬ ಹುಡುಗಿ, ‘ಪಾಟಿ ಒರಸಿದಂಗ ಆತ್ರಿ ಸರ್’ ಎಂದಳು. ನಾನು ಹೇಳಬೇಕಿದ್ದ ಉತ್ತರ ಅದೇ. ಆದರೂ ಸುಮ್ಮನಿದ್ದೆ.

ಮರುದಿನ ಮೊದಲು ಒಪ್ಪಿಕೊಂಡೆ: ಕೇಬಲ್ ಸರಿಯಾಗಿಯೇ ಇತ್ತು, ಸೇವ್ ಮಾಡದೆ ಬಿಟ್ಟವನು ನಾನು. ನಾವು ಬರೆದದ್ದು ರ‍್ಯಾಮ್‌ನಲ್ಲಿರುವ ‘ರನ್ನಿಂಗ್-ಕಾನ್ಫಿಗ್’ನಲ್ಲಿ, ಅಂದರೆ ಪಾಟಿಯ ಮೇಲೆ. ಹೆಸರನ್ನು ಮತ್ತೆ ಇಟ್ಟು, ‘ಡಿರ್ ಫ್ಲ್ಯಾಶ್:’ ಕೊಟ್ಟೆವು. ಫೈಲ್‌ಗಳ ಹೆಸರು, ಗಾತ್ರ, ಕೊನೆಗೆ ಖಾಲಿ ಇರುವ ಬೈಟ್‌ಗಳು ಬಂದವು. ‘ಕಾನ್ಫಿಗ್.ಟೆಕ್ಸ್ಟ್’ ಇರಲಿಲ್ಲ. ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’ ಕೊಟ್ಟು ಮತ್ತೆ ‘ಡಿರ್’ ನೋಡಿದರೆ, ಅದು ಪಟ್ಟಿಯಲ್ಲಿ ಬಂದಿತ್ತು. ‘ಮೋರ್’ ಕಮಾಂಡಿನಿಂದ ತೆರೆದಾಗ ಒಳಗೆ ‘ಮಾನ್ವಿ’ ಇರುವ ಸಾಲನ್ನು ಆ ಹುಡುಗಿಯೇ ಹುಡುಕಿ ತೋರಿಸಿದಳು. ‘ಡಿಲೀಟ್’ ಮಾತ್ರ ಯಾರ ಕೈಗೂ ಕೊಡಲಿಲ್ಲ. ಪಟ್ಟಿಯಲ್ಲಿರುವ ‘.ಬಿನ್’ ಫೈಲ್ ಸ್ವಿಚ್ಚನ್ನು ನಡೆಸುವ ತಂತ್ರಾಂಶ. ಅದನ್ನು ಅಳಿಸಿದರೆ ಮುಂದಿನ ಸಲ ಸ್ವಿಚ್ ಏಳುವುದಿಲ್ಲ. ಎರವಲು ತಂದ ಪೆಟ್ಟಿಗೆ ಬೇರೆ.

ಮುಂದಿನ ವಾರ ದೇವದುರ್ಗದಲ್ಲಿ ಇದೇ ಪಾಠ. ಈ ಸಲ ಪ್ಲಗ್ ನಾನೇ ಕಿತ್ತೆ, ಸೇವ್ ಮಾಡುವ ಮುನ್ನ ಒಮ್ಮೆ, ಮಾಡಿದ ಮೇಲೆ ಒಮ್ಮೆ. ಕೀಳುವ ಮುಂಚೆ ಏನಾಗುತ್ತದೆಂದು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹೆಚ್ಚಿನವರು ಎರಡು ಸಲವೂ ಹೆಸರು ಉಳಿಯುತ್ತದೆ ಎಂದೇ ಬರೆದಿದ್ದರು. ‘ರನ್ನಿಂಗ್-ಕಾನ್ಫಿಗ್’ ಎಂಬ ಪದವನ್ನು ಆಮೇಲೆ ಹೇಳಿದೆ, ಮೊದಲು ಪಾಟಿ ಎಂದೇ ಕರೆದೆ.

ಈ ಪಾಠ ಮಾಡುವ ಸಹಪಾಠಿಗಳಿಗೆ ಒಂದು ಮಾತು: ಸ್ವಿಚ್ ಮತ್ತೆ ಶುರುವಾಗಲು ಕೆಲವು ನಿಮಿಷ ಹಿಡಿಯುತ್ತದೆ, ಸೇವ್ ಆಗಿರದಿದ್ದರೆ ಎದ್ದ ಮೇಲೆ ಪ್ರಶ್ನೆಯೊಂದನ್ನೂ ಕೇಳುತ್ತದೆ, ‘ನೋ’ ಎನ್ನಬೇಕು. ಆ ಬಿಡುವಿನಲ್ಲಿ ನಾನು ಮಕ್ಕಳಿಂದ ಅವರವರ ಊಹೆಗೆ ಕಾರಣ ಬರೆಸಿದೆ.