ಬಂಡೆ ಹತ್ತಲು ವಿಮಾನ ಹತ್ತುವವಳಿಗೆ

ಮಗಳೇ, ರಾಮನಗರದ ಬಂಡೆ, ಬಾದಾಮಿಯ ಕೆಂಪು ಮರಳುಗಲ್ಲು ಹತ್ತಿ ಪಳಗಿದವಳು ಈಗ ಥಾಯ್ಲೆಂಡ್‌ನ ಕ್ರಾಬಿಗೆ, ರೈಲೇ ಕಡಲತಡಿಯ ಸುಣ್ಣಕಲ್ಲಿನ ಗೋಡೆಗಳಿಗೆ ಹೊರಟಿದ್ದೀಯ. ಬಾದಾಮಿಗಾದರೆ ರಾತ್ರಿ ಬಸ್ಸಿನ ಡಿಕ್ಕಿಗೆ ಚೀಲ ತುಂಬಿ ಮಲಗಿಬಿಡಬಹುದು. ವಿಮಾನದಲ್ಲಿ ಹಾಗಾಗುವುದಿಲ್ಲ. ಸಾಮಾನನ್ನು ಸೆಕ್ಯುರಿಟಿ ದಾಟಿಸುವುದು ಅರ್ಧ ಕೆಲಸ. ಇಳಿದ ಮೇಲೆ ಅದೇ ಸಾಮಾನಿಗೆ ಜೀವ ಒಪ್ಪಿಸಬಹುದೇ ಎಂದು ನೋಡಿಕೊಳ್ಳುವುದು ಇನ್ನರ್ಧ. ಮೊದಲನೆಯದನ್ನು ಏರ್‌ಲೈನ್‌ನವರು ಹೇಳುತ್ತಾರೆ, ಎರಡನೆಯದನ್ನು ದೊಡ್ಡಪ್ಪನೇ ಹೇಳಬೇಕು.

• ಮೊದಲು ತೂಕ ಹಾಕು. 9.8 ಮಿ.ಮೀ. ದಪ್ಪದ, 70 ಮೀಟರ್ ಉದ್ದದ ರೋಪ್ ಒಂದೇ ನಾಲ್ಕೂಕಾಲರಿಂದ ನಾಲ್ಕೂವರೆ ಕೆ.ಜಿ. ಬರುತ್ತದೆ. ಕ್ವಿಕ್‌ಡ್ರಾ ಒಂದಕ್ಕೆ ಸುಮಾರು 100 ಗ್ರಾಂ, 14 ಇಟ್ಟರೆ ಒಂದೂವರೆ ಕೆ.ಜಿ. ಹತ್ತಿರ. ಹಾರ್ನೆಸ್, ಶೂ, ಹೆಲ್ಮೆಟ್, ಬಿಲೇ ಸಾಮಾನು ಸೇರಿದರೆ ಬಟ್ಟೆಬರೆಗೆ ಮೊದಲೇ ಎಂಟು ಕೆ.ಜಿ. ಹ್ಯಾಂಡ್ ಬ್ಯಾಗೇಜಿಗೆ ಸಾಮಾನ್ಯವಾಗಿ ಬಿಡುವುದು 7 ಕೆ.ಜಿ. ಎಲ್ಲವನ್ನೂ ಕೈಯಲ್ಲೇ ಒಯ್ಯುವ ಆಸೆ ಬಿಟ್ಟುಬಿಡು.

• ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಒಂದು ಟಿಕೆಟ್, ಅಲ್ಲಿಂದ ಕ್ರಾಬಿಗೆ ಬೇರೆ ಕಂಪನಿಯ ಅಗ್ಗದ ಟಿಕೆಟ್ ತೆಗೆಯುವುದಾದರೆ ಎರಡು ವಿಷಯ ನೋಡು. ಅಗ್ಗದ ಟಿಕೆಟ್ಟಿನಲ್ಲಿ ಎಷ್ಟೋ ಸಲ ಚೆಕ್-ಇನ್ ಲಗೇಜ್ ಸೇರಿರುವುದೇ ಇಲ್ಲ. ಅದನ್ನು ಬುಕ್ ಮಾಡುವಾಗಲೇ ಕೊಂಡುಕೋ, ಕೌಂಟರಿನಲ್ಲಿ ದುಬಾರಿ. ಇನ್ನೊಂದು, ಬ್ಯಾಂಕಾಕ್‌ನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ, ಸುವರ್ಣಭೂಮಿ ಮತ್ತು ಡಾನ್ ಮುವಾಂಗ್. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕಾದರೆ ಬೆಲ್ಟ್‌ನಿಂದ ಚೀಲ ಎತ್ತಿಕೊಂಡು ಊರಿನ ಟ್ರಾಫಿಕ್ ದಾಟಬೇಕು. ನಡುವೆ ಸಾಕಷ್ಟು ಗಂಟೆ ಬಿಡು.

• ಶೂ ಮತ್ತು ಹಾರ್ನೆಸ್ ನಿನ್ನ ಕೈಚೀಲದಲ್ಲೇ ಇರಲಿ. ಚೆಕ್-ಇನ್ ಚೀಲ ಎರಡು ದಿನ ತಡವಾಗಿ ಬಂದರೂ ಅಲ್ಲಿನ ಗೆಳೆಯರ ರೋಪಿನಲ್ಲಿ ನೀನು ಹತ್ತಬಹುದು. ಆದರೆ ನಿನ್ನ ಪಾದಕ್ಕೆ ಒಗ್ಗಿದ ಶೂ ಯಾರೂ ಸಾಲ ಕೊಡಲಾರರು.

• ಲೋಹದ ಸಾಮಾನೆಲ್ಲ ಚೆಕ್-ಇನ್‌ಗೆ ಹೋಗಲಿ. ಕ್ಯಾರಬೈನರನ್ನು ಕ್ಯಾಬಿನ್ನಿಗೆ ಬಿಡುವವರಿದ್ದಾರೆ, ಬಿಡದವರೂ ಇದ್ದಾರೆ. ಕೊನೆಯ ಮಾತು ಸೆಕ್ಯುರಿಟಿಯಲ್ಲಿ ನಿಂತವರದು. ನಮ್ಮಲ್ಲಿ ಅದು ಸಿಐಎಸ್‌ಎಫ್‌ನವರ ಕೆಲಸ, ಅವರೊಂದಿಗೆ ವಾದಕ್ಕೆ ನಿಲ್ಲಬೇಡ. ಚಾಕು, ಸ್ಪ್ಯಾನರ್, ಸುತ್ತಿಗೆ, ನಟ್ ಕೀಳುವ ಕೊಕ್ಕೆ ಇವುಗಳ ಬಗ್ಗೆಯಂತೂ ಯೋಚನೆಯೇ ಬೇಡ, ಕೆಳಗೇ ಹಾಕು. ಮುಂದೆಂದಾದರೂ ಹಿಮಪರ್ವತಕ್ಕೆ ಹೋಗುವಾಗ ಐಸ್ ಆಕ್ಸ್, ಕ್ರ್ಯಾಂಪಾನ್‌ಗಳ ಮೊನೆಗಳಿಗೆ ದಪ್ಪ ರಬ್ಬರ್ ಹಾಕಿ ಬಿಗಿಯಾಗಿ ಸುತ್ತು. ಚೀಲ ಎತ್ತಿ ಹಾಕುವ ಲೋಡರ್‌ಗಳು ಬರಿಗೈಯಲ್ಲಿ ದುಡಿಯುವವರು, ಅವರ ಅಂಗೈ ನೆನಪಿರಲಿ.

• ಬೆನ್ನುಚೀಲವನ್ನು ಹಾಗೇ ಬೆಲ್ಟಿನ ಮೇಲೆ ಇಡಬೇಡ. ಜೋತಾಡುವ ಪಟ್ಟಿ, ಲೂಪುಗಳು ಯಂತ್ರಕ್ಕೆ ಸಿಕ್ಕಿ ಹರಿಯುತ್ತವೆ. ಇಡೀ ಚೀಲವನ್ನು ಒಂದು ದೊಡ್ಡ ಡಫಲ್ ಬ್ಯಾಗಿನೊಳಗೆ ಇಳಿಸು.

• ರೋಪಿನ ವಿಚಾರಕ್ಕೆ ಬರೋಣ, ಇದನ್ನು ಎರಡು ಸಲ ಓದು. ರೋಪು ನೈಲಾನಿನದು. ನೈಲಾನಿಗೆ ಆಸಿಡ್ ಕಡುವೈರಿ. ಬ್ಯಾಟರಿಯ ಆಸಿಡ್ ತಾಗಿದರೂ ಸಾಕು, ಮೇಲಿನ ಹೆಣಿಗೆ ಚೆನ್ನಾಗಿಯೇ ಕಂಡು ಒಳಗಿನ ಎಳೆಗಳು ಬಲ ಕಳೆದುಕೊಂಡಿರಬಹುದು. ವಿಮಾನದ ಹೊಟ್ಟೆಯಲ್ಲಿ ನಿನ್ನ ಚೀಲದ ಮೇಲೆ ಯಾರ ಚೀಲ ಬಿದ್ದಿರುತ್ತದೆ, ಅದರಲ್ಲಿ ಏನು ಸೋರುತ್ತದೆ ಎಂದು ನಿನಗೆ ಗೊತ್ತಾಗುವುದಿಲ್ಲ. ಆದ್ದರಿಂದ ರೋಪನ್ನು ನೀರು ಹೋಗದ ಡ್ರೈ ಬ್ಯಾಗಿನಲ್ಲಿ ಹಾಕಿ, ಬಾಯಿ ಮೂರು ಸುತ್ತು ಮಡಚಿ, ಚೀಲದ ನಡುವೆ ಬಟ್ಟೆಗಳ ಮಧ್ಯೆ ಇಡು. ಹಾರ್ನೆಸ್ ಅಥವಾ ಸ್ಲಿಂಗ್ ಕೆಳಗೆ ಹೋಗುವುದಾದರೆ ಅವಕ್ಕೂ ಇದೇ ಉಪಚಾರ. ನಿನ್ನದೇ ಸನ್‌ಸ್ಕ್ರೀನ್, ಸೊಳ್ಳೆ ಔಷಧಿ, ಉಪ್ಪಿನಕಾಯಿ ಡಬ್ಬಿ ಪಕ್ಕದಲ್ಲಿ ಬೇಡ.

ತಲುಪಿದ ಸಂಜೆ, ಎಷ್ಟೇ ದಣಿವಿದ್ದರೂ, ನೆಲಕ್ಕೆ ಚಾದರ ಹಾಸಿ ರೋಪನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳ ನಡುವೆ ಹಾಯಿಸು. ಕೈ ಬರಿದಾಗಿರಲಿ, ಗಡಿಬಿಡಿ ಬೇಡ. ಸ್ವಲ್ಪ ಸ್ವಲ್ಪ ದೂರಕ್ಕೊಮ್ಮೆ ರೋಪನ್ನು ಬಾಗಿಸಿ ನೋಡು: ಒಂದೇ ಸಮನಾಗಿ ದುಂಡಗೆ ಬಾಗಬೇಕು. ಎಲ್ಲಾದರೂ ಚಪ್ಪಟೆಯಾಗಿ ಮಡಚಿದರೆ, ಮೆತ್ತಗಾಗಿದ್ದರೆ, ಉಬ್ಬಿದ್ದರೆ, ಬಣ್ಣ ಬದಲಾದ ಕಲೆ ಇದ್ದರೆ, ಮೂಗಿಗೆ ಘಾಟು ಬಂದರೆ, ಆ ರೋಪಿನಲ್ಲಿ ಹತ್ತಬೇಡ. ಕಾಸು ಕೊಟ್ಟು ತಂದದ್ದು ಎಂದು ಮರುಗಬೇಡ. ಬಾಡಿಗೆ ರೋಪ್ ತೆಗೆದುಕೊಳ್ಳುವುದಾದರೂ ನಂಬಿಕೆಯ ಕ್ಲೈಂಬಿಂಗ್ ಅಂಗಡಿಯಿಂದ, ಅದೂ ಇದೇ ರೀತಿ ಬೆರಳಾಡಿಸಿ ನೋಡಿ.

• ಹೆಲ್ಮೆಟ್ ಹಗುರವಾದಷ್ಟೂ ನಾಜೂಕು. ಫೋಮಿನ ಹೆಲ್ಮೆಟ್ ಬಂಡೆಯ ಏಟು ತಡೆಯುತ್ತದೆ, ಮೇಲೆ 25 ಕೆ.ಜಿ. ಸೂಟ್‌ಕೇಸ್ ಬಿದ್ದರೆ ಬಿರುಕು ಬಿಡಬಹುದು. ಕೈಚೀಲಕ್ಕೆ ತೂಗುಹಾಕಿಕೋ. ಕೆಳಗೇ ಹಾಕಬೇಕೆಂದರೆ ಒಳಗೆ ಕಾಲುಚೀಲ, ಟೀ ಶರ್ಟು ಗಟ್ಟಿಯಾಗಿ ತುರುಕು.

• ಚಾಕ್ ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್, ಯಾವ ಅಪಾಯವೂ ಇಲ್ಲದ್ದು. ಆದರೆ ಎಕ್ಸ್‌ರೇ ಮುಂದೆ ಕೂತವರಿಗೆ ಅದು ಹೆಸರಿಲ್ಲದ ಬಿಳಿ ಪುಡಿ. ಒಡೆಯದ ಪ್ಯಾಕೆಟ್ಟಿನಲ್ಲೇ, ಲೇಬಲ್ ಕಾಣುವಂತೆ, ಚೆಕ್-ಇನ್‌ನಲ್ಲಿ ಹಾಕು. ಚಾಕ್ ಬ್ಯಾಗನ್ನು ಕೊಡವಿ ತೊಳೆದುಕೋ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲೂ ಆಸ್ಟ್ರೇಲಿಯಾದಿಂದ ಹೊರಡುವ ಅಂತರರಾಷ್ಟ್ರೀಯ ವಿಮಾನಗಳಲ್ಲೂ 2018ರಿಂದ 350 ಮಿ.ಲೀ.ಗಿಂತ ಹೆಚ್ಚಿನ ಪುಡಿಯನ್ನು ಕ್ಯಾಬಿನ್ನಿಗೆ ಒಯ್ಯುವುದಕ್ಕೆ ಕಟ್ಟುನಿಟ್ಟಿದೆ. ಲಿಕ್ವಿಡ್ ಚಾಕಿನಲ್ಲಿ ಆಲ್ಕೋಹಾಲ್ ಇರುತ್ತದೆ, ಮನೆಯಲ್ಲೇ ಬಿಡು.

• ಪವರ್ ಬ್ಯಾಂಕ್, ಹೆಡ್‌ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿ ಚೆಕ್-ಇನ್‌ಗೆ ಹಾಕಲೇಬಾರದು, ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್‌ವರೆಗೆ ತೊಂದರೆಯಿಲ್ಲ. ನಿನ್ನ 20,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು 74 ಆಗುತ್ತದೆ. 100ರಿಂದ 160ರವರೆಗೆ ಏರ್‌ಲೈನ್ ಒಪ್ಪಿಗೆ ಬೇಕು. ಬೋಲ್ಟ್ ಹೊಡೆಯುವ ಡ್ರಿಲ್ ಒಯ್ಯುವವರ ಬ್ಯಾಟರಿಗಳು ಎಷ್ಟೋ ಸಲ ಈ ನಡುವಿನ ಲೆಕ್ಕಕ್ಕೇ ಬೀಳುತ್ತವೆ.

• ಗ್ಯಾಸ್ ಕ್ಯಾನಿಸ್ಟರ್ ಮೇಲೂ ಇಲ್ಲ, ಕೆಳಗೂ ಇಲ್ಲ, ಖಾಲಿಯಾಗಿದ್ದರೂ ಬೇಡ. ಹೋದಲ್ಲಿ ಕೊಂಡುಕೋ.

• ಬೌಲ್ಡರಿಂಗ್ ಗೆಳತಿಯೊಬ್ಬಳು ಫ್ರಾನ್ಸ್‌ನ ಫೊಂಟೆನ್‌ಬ್ಲೋಗೆ ಕ್ರ್ಯಾಶ್ ಪ್ಯಾಡ್ ಹೊತ್ತೊಯ್ಯುವ ಮಾತಾಡುತ್ತಿದ್ದಳಲ್ಲ, ಅವಳಿಗೂ ಹೇಳು. ಬಹಳಷ್ಟು ಏರ್‌ಲೈನ್‌ಗಳು ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂ.ಮೀ. ಒಳಗಿರಬೇಕು ಎನ್ನುತ್ತವೆ. ಮಡಚಿದ ಪ್ಯಾಡೂ ಅದನ್ನು ಮೀರುತ್ತದೆ. ಅಲ್ಲಿ ಬಾಡಿಗೆಗೆ ಸಿಗುತ್ತದೆ. ನಮ್ಮ ಹಂಪಿಗೆ ಬರುವ ವಿದೇಶಿಯರೂ ಇಲ್ಲೇ ಬಾಡಿಗೆಗೆ ಪಡೆಯುತ್ತಾರೆ.

• ಮನೆಯಲ್ಲಿ ಪ್ಯಾಕ್ ಮಾಡುವಾಗ ಎಲ್ಲವನ್ನೂ ಹರಡಿ ಫೋಟೊ ತೆಗೆ, ಬಿಲ್ಲುಗಳನ್ನು ಫೋನಿನಲ್ಲಿ ಇಟ್ಟುಕೋ. ಚೀಲ ಬರದಿದ್ದರೆ ಅಥವಾ ಹರಿದು ಬಂದರೆ ನಿಲ್ದಾಣ ಬಿಡುವ ಮೊದಲೇ ಬ್ಯಾಗೇಜ್ ಕೌಂಟರಿನಲ್ಲಿ ಪಿಐಆರ್ ಎಂಬ ದೂರು ಬರೆಸಿ ಪ್ರತಿ ಪಡೆ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಗೆ 7 ದಿನದೊಳಗೆ, ತಡವಾಗಿದ್ದಕ್ಕೆ ಚೀಲ ಕೈಸೇರಿದ 21 ದಿನದೊಳಗೆ ಬರೆದು ಕೇಳಬೇಕು. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಏಕಮಾನ). ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಬಿಲ್ಲಿಲ್ಲದೆ ಕೇಳಿದರೆ ಸಿಗುವುದು ಕಷ್ಟ.

• ಟ್ರಾವೆಲ್ ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಸಣ್ಣಕ್ಷರದಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿದ್ದಾರೆಯೇ ನೋಡು. ರೋಪ್ ಹಿಡಿದು ಹತ್ತುವುದಕ್ಕೆ ರಕ್ಷಣೆ ಇದೆ ಎಂದು ಬರವಣಿಗೆಯಲ್ಲಿ ಇರಲಿ.

• ಕ್ರಾಬಿಯ ಆವೊ ನಾಂಗ್ ಕಡಲತಡಿಯಿಂದ ರೈಲೇಗೆ ರಸ್ತೆಯಿಲ್ಲ, ಉದ್ದಬಾಲದ ದೋಣಿಯಲ್ಲೇ ಹೋಗಬೇಕು. ದೋಣಿ ದಡದವರೆಗೆ ಬರದಿದ್ದರೆ ಮೊಣಕಾಲು ಮುಳುಗುವ ನೀರಿಗೆ ಇಳಿದು ಚೀಲವನ್ನು ತಲೆಯ ಮೇಲೆ ಹೊತ್ತು ನಡೆಯುತ್ತೀಯ. ಡ್ರೈ ಬ್ಯಾಗ್ ಅಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ.

• ಅಲ್ಲಿನ ಗೋಡೆಗಳಲ್ಲಿ ಟೈಟೇನಿಯಂ ಬೋಲ್ಟ್ ಹುಡುಕು. ಕಡಲಗಾಳಿ, ಸುಣ್ಣಕಲ್ಲು ಎರಡೂ ಸೇರಿದ ಆ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹೊರಗೆ ಹೊಳೆಯುತ್ತಲೇ ಒಳಗೆ ಬಿರುಕು ಬಿಟ್ಟು ಮುರಿದದ್ದುಂಟು. ಹಾಗಾಗಿಯೇ ಸ್ಥಳೀಯ ಕ್ಲೈಂಬರ್‌ಗಳು ಟೈಟೇನಿಯಂ ಬೋಲ್ಟುಗಳನ್ನು ಅಂಟಿನಲ್ಲಿ ಕೂರಿಸುತ್ತ ಬಂದಿದ್ದಾರೆ. ಯಾವ ದಾರಿಗೆ ಹೊಸ ಬೋಲ್ಟ್ ಬಿದ್ದಿದೆ ಎಂದು ಅಲ್ಲಿನ ಕ್ಲೈಂಬಿಂಗ್ ಅಂಗಡಿಯಲ್ಲಿ ಕೇಳಿಯೇ ಹೊರಡು. ಕಟ್ಟಿಬಿಟ್ಟ ಹಳೆಯ ಸ್ಲಿಂಗ್‌ಗೆ ಜೋತುಬೀಳಬೇಡ.

• ಅಲ್ಲಿಂದ ಹೊರಡುವ ಹಿಂದಿನ ದಿನ ಲೋಹವನ್ನೆಲ್ಲ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಆರಿಸು, ಕ್ಯಾರಬೈನರ್‌ಗಳ ಗೇಟುಗಳು ಸಲೀಸಾಗಿ ಮುಚ್ಚುತ್ತವೆಯೇ ನೋಡು. ರೋಪ್ ಪೂರ್ತಿ ಒಣಗಲಿ, ಒದ್ದೆಯಾದರೆ ತೂಕದ ಲೆಕ್ಕವೂ ತಪ್ಪುತ್ತದೆ.

• ವಾಪಸ್ ಬರುವಾಗ ಯಾರಾದರೂ ಗಾರ್ಮಿನ್ ಇನ್‌ರೀಚ್‌ನಂತಹ ಸ್ಯಾಟಲೈಟ್ ಸಾಧನ ಕೊಟ್ಟರೆ, ಅಗ್ಗಕ್ಕೆ ಮಾರಿದರೆ, ತರಬೇಡ. ಅನುಮತಿಯಿಲ್ಲದೆ ಅದನ್ನು ಭಾರತಕ್ಕೆ ತರುವುದು ಅಪರಾಧ. ಇದೇ ಕಾರಣಕ್ಕೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ವಿದೇಶಿ ಪ್ರವಾಸಿಗರನ್ನು ಬಂಧಿಸಿದ್ದೂ ಇದೆ. ಇನ್ನು ನಿನ್ನ ದುಬಾರಿ ಕ್ಯಾಮೆರಾವನ್ನು ಹೊರಡುವ ದಿನವೇ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೋ. ಅದಿದ್ದರೆ ಮರಳಿ ಬರುವಾಗ ಸುಂಕದ ಪ್ರಶ್ನೆ ಏಳುವುದಿಲ್ಲ. ಚೆಕ್-ಇನ್‌ಗೆ ಮುಂಚೆ ಅರ್ಧ ಗಂಟೆ ಇದಕ್ಕೆಂದೇ ಇಟ್ಟುಕೋ, ನಿಮ್ಮಪ್ಪನಿಗೆ ಹೇಳಿ ಮನೆಯಿಂದ ಬೇಗ ಹೊರಡಿಸು.